ತಾಡಪತ್ರಿ ತೆಗೆಸಿದವನು

ಭರಮಪ್ಪ ಬರ್ಫ ಕದ್ದಿರಲಿಲ್ಲ. ಅವನನ್ನು ಸಂತೆಯ ನಡುವೆ ನಿಲ್ಲಿಸಿ ಕಳ್ಳನೆಂದು ಕರೆದವನು ನಾನು. ಅವನು ಕಳ್ಳನಲ್ಲ ಎಂಬುದನ್ನು ಅದೇ ವಾರ ನನ್ನ ಕಣ್ಣಿನಿಂದಲೇ ಕಂಡವನೂ ನಾನು. ಕಂಡ ಮೇಲೆ ಬಾಯಿ ಮುಚ್ಚಿಕೊಂಡೆ — ಒಂದು ದಿನವಲ್ಲ, ಒಂದು ವರ್ಷವಲ್ಲ — ಆಗ ತೊಟ್ಟಿಲಲ್ಲಿದ್ದ ಅವನ ಕೂಸು ಬೆಳೆದು ಮದುವೆಯಾಗಿ ಗಂಡನ ಮನೆಗೆ ಹೋಗುವಷ್ಟು ಕಾಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳುತ್ತೇನೆಂದು ಇಟ್ಟುಕೊಂಡರೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ನಾನು ಮತ್ತೊಂದು ನೆಪ ಹುಡುಕಿಕೊಂಡಿರುತ್ತೇನೆ. ನನ್ನನ್ನು ನಾನು ಚೆನ್ನಾಗಿ ಬಲ್ಲೆ.

ನನ್ನ ಹೆಸರು ದಸ್ತಗೀರ. ಖಾನಾಪುರದ ಪೇಟೆಯಲ್ಲಿ, ಸ್ಟೇಷನ್ನಿಗೆ ಹೋಗುವ ರಸ್ತೆಯ ತಿರುವಿನಲ್ಲಿ, ನಮ್ಮ ಬರ್ಫದ, ಅಂದರೆ ಮಂಜುಗಡ್ಡೆಯ, ಡಿಪೋ ಇದೆ. ಮನೆಯಲ್ಲಿ ನಾವು ಆಡುವುದು ದಖನಿ ಉರ್ದು. ಅಂಗಡಿಯಲ್ಲಿ ಮರಾಠಿಯವನು ಬಂದರೆ ಮರಾಠಿ, ಕನ್ನಡದವನು ಬಂದರೆ ಕನ್ನಡ. ಓದಿದ್ದು ಕನ್ನಡ ಶಾಲೆಯಲ್ಲಿ, ಆದ್ದರಿಂದ ಬರೆಯಲು ಕೂತರೆ ಇದೇ ಬರುತ್ತದೆ. ಇನ್ನು ಸ್ವಭಾವದ ಮಾತು — ನಾನು ಹುಟ್ಟಾ ಸಂಶಯದವನು. ಹಾಲಿನವನು ಅಳೆದ ಹಾಲನ್ನು ಅವನೆದುರಿಗೇ ಇನ್ನೊಮ್ಮೆ ಅಳೆಸುತ್ತಿದ್ದೆ. ಮಸೀದಿಯ ಮೆಟ್ಟಿಲಲ್ಲಿ ಒಂದು ಚಪ್ಪಲಿಯನ್ನು ಈ ಮೂಲೆಗೆ, ಇನ್ನೊಂದನ್ನು ಆ ಮೂಲೆಗೆ ಬಿಡುತ್ತಿದ್ದೆ, ಕದಿಯುವವನಿಗೆ ಜೋಡಿ ಸಿಗಬಾರದೆಂದು. ಮದುವೆಯಾದ ಹೊಸತರಲ್ಲಿ ಹೆಂಡತಿ ಸುಮ್ಮನೆ ನಕ್ಕರೂ ಯಾಕೆ ನಕ್ಕೆ ಎಂದು ಕೇಳಿ ಕೇಳಿ, ಅವಳು ನಗುವುದನ್ನೇ ಬಿಟ್ಟಳು. ಇದನ್ನೆಲ್ಲ ಆಗ ನಾನು ವ್ಯಾಪಾರದ ಜಾಣತನವೆಂದು ತಿಳಿದಿದ್ದೆ. ಪೇಟೆಯ ಮಂದಿಯೂ ಹಾಗೇ ತಿಳಿದಿದ್ದರು.

ಆಗ ಎಪ್ಪತ್ತರ ದಶಕ ಶುರುವಾದ ಹೊಸತು. ಖಾನಾಪುರದಲ್ಲಿ ಬರ್ಫ ಮಾಡುವ ಕಾರ್ಖಾನೆ ಇರಲಿಲ್ಲ, ಬೆಳಗಾವಿಯ ಉದ್ಯಮಬಾಗದಿಂದ ಟೆಂಪೋದಲ್ಲಿ ತರಬೇಕಿತ್ತು. ಹಾಸುಗಲ್ಲಿನಂಥ ಉದ್ದನೆಯ ಗಡ್ಡೆಗಳು. ನಾವು ಅವಕ್ಕೆ ಲಾದಿ ಎನ್ನುತ್ತೇವೆ. ಬೇಸಿಗೆ ಬಂತೆಂದರೆ ಸೋಡಾ ಅಂಗಡಿಯವರು, ಶರಬತ್ತಿನ ಗಾಡಿಯವರು, ಗೋವಾ ಕಡೆಯಿಂದ ರೈಲಿನಲ್ಲಿ ಮೀನು ತರಿಸುವವರು, ಎಲ್ಲರೂ ನಮ್ಮ ಬಾಗಿಲಲ್ಲೇ. ಡಿಪೋದ ಬಾಗಿಲ ಕಲ್ಲಿನ ಮೇಲೆ ನನ್ನ ತಂದೆ, ಅಬ್ಬಾ, ಉಳಿಯಿಂದ ಒಂದು ಗೀರು ಕೊರೆದಿದ್ದರು. ಬಂದ ಲಾದಿಯ ಒಂದು ತುದಿಯನ್ನು ಗೋಡೆಗೆ ತಾಗಿಸಿ ಮಲಗಿಸಿದರೆ ಇನ್ನೊಂದು ತುದಿ ಆ ಗೀರನ್ನು ಮುಟ್ಟಬೇಕು. ದಾರಿಯಲ್ಲಿ ಒಂದಿಷ್ಟು ಕರಗುವುದು ಸಹಜ, ಅದನ್ನು ಬಿಟ್ಟೇ ಕೊರೆದ ಗೀರು ಅದು. ಮುಟ್ಟಿತೆಂದರೆ ಅಬ್ಬಾ ಬಿಸ್ಮಿಲ್ಲಾ ಎಂದು ಟೋಚಾ ಕೈಗೆತ್ತಿಕೊಳ್ಳುತ್ತಿದ್ದರು. ಟೋಚಾ ಎಂದರೆ ಬರ್ಫ ಒಡೆಯುವ ಚೂಪು ಕಬ್ಬಿಣ.

ಟೆಂಪೋ ಓಡಿಸುತ್ತಿದ್ದವನು ಭರಮಪ್ಪ. ನಂದಗಡದ ಕಡೆಯವನು, ಕುರಿ ಕಾಯುವ ಮನೆತನ. ನಮ್ಮ ಬಕ್ರೀದಿನ ಟಗರು ತಲೆಮಾರುಗಳಿಂದ ಅವರ ಹಟ್ಟಿಯಿಂದಲೇ ಬರುತ್ತಿತ್ತು. ಅವರ ಮನೆಯಲ್ಲಿ ಕುರಿ ಬಿಟ್ಟು ಸಂಬಳದ ಕೆಲಸಕ್ಕೆ ಬಂದವರಲ್ಲಿ ಅವನೇ ಮೊದಲಿಗ. ಮೊದಲ ಪಗಾರದಲ್ಲಿ ಒಂದು ಖಾಕಿ ಅಂಗಿ ಹೊಲಿಸಿಕೊಂಡು, ಅದನ್ನು ದಿನಾ ಒಗೆದು ದಿನಾ ಹಾಕುತ್ತಿದ್ದ. ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚು. ಅಬ್ಬಾ ಅವನನ್ನು ಬೇಟಾ, ಅಂದರೆ ಮಗನೇ, ಎಂದು ಕರೆಯುತ್ತಿದ್ದರು, ನನ್ನನ್ನು ದಸ್ತಗೀರ ಎಂದು. ಇದನ್ನು ಕಾರಣವೆಂದು ಹೇಳುತ್ತಿಲ್ಲ. ಆದರೆ ಇದು ನನಗೆ ಚುಚ್ಚುತ್ತಿತ್ತು — ಅದನ್ನು ಮುಚ್ಚಿಟ್ಟು ಉಳಿದದ್ದನ್ನು ಹೇಳಿದರೆ ಅದೂ ಒಂದು ಸುಳ್ಳಾಗುತ್ತದೆ.

ಆ ಬೇಸಿಗೆ ಲಾದಿಗಳು ಗೀರು ಮುಟ್ಟುವುದನ್ನು ಬಿಟ್ಟವು. ಮೊದಲು ಬೆರಳಿನಷ್ಟು ಕಡಿಮೆ. ಅಬ್ಬಾ ಈ ಸಲ ಬಿಸಿಲು ಜೋರು ಎಂದರು. ನಾನು ಸುಮ್ಮನಿರುವವನಲ್ಲ, ನೋಡುತ್ತಾ ಹೋದೆ. ಬಿಸಿಲು ದಿನಾ ಒಂದೇ ಇದ್ದರೂ ವಾರದಲ್ಲಿ ಎರಡು ದಿನ ಮಾತ್ರ ಕೊರತೆ ಹೆಚ್ಚಾಗಿ ಬೀಳುತ್ತಿತ್ತು. ಅದರಲ್ಲಿ ಒಂದು ನಂದಗಡದ ಸಂತೆಯ ದಿನ. ನನ್ನ ತಲೆಯಲ್ಲಿ ಗಂಟೆ ಹೊಡೆಯಿತು. ಸಂತೆಯ ದಿನ ಶರಬತ್ತಿನವರಿಗೆ ಬರ್ಫ ಬೇಕು. ಸಂತೆ ಅವನ ಊರಿನ ಕಡೆಯದು. ಟೆಂಪೋ ಅವನ ಕೈಯಲ್ಲಿ. ಇನ್ನೇನು ಬೇಕು? ಬರ್ಫದ ಕಾರ್ಖಾನೆಯ ಪಕ್ಕದಲ್ಲಿ ಆ ವರ್ಷವೇ ಒಂದು ಹೊಸ ಫೌಂಡ್ರಿ ಎದ್ದಿತ್ತು, ವಾರದಲ್ಲಿ ಅವೇ ಎರಡು ದಿನ ಅಲ್ಲಿ ಕಬ್ಬಿಣ ಕರಗಿಸುವ ಭಟ್ಟಿ ಹೊತ್ತಿಸುತ್ತಿದ್ದರು. ಅದರ ಹೊಗೆಯ ಕೊಳವೆಯನ್ನು ನಾನೂ ನೋಡಿದ್ದೆ. ನೋಡಿಯೂ ನೋಡಲಿಲ್ಲ. ಮನುಷ್ಯನ ಮೇಲೆ ಕಣ್ಣಿಟ್ಟವನಿಗೆ ಹೊಗೆ ಎಲ್ಲಿ ಕಾಣುತ್ತದೆ?

ಅಲ್ಲಿಯವರೆಗೆ ಲಾದಿಗಳು ಭತ್ತದ ಹೊಟ್ಟು ಹೊದ್ದು, ಅದರ ಮೇಲೆ ಗೋಣಿತಟ್ಟು, ಅದರ ಮೇಲೆ ಮಳೆ ಬಿಸಿಲು ತಡೆಯುವ ದಪ್ಪ ಬಟ್ಟೆಯ ತಾಡಪತ್ರಿ ಹೊದ್ದು ಬರುತ್ತಿದ್ದವು. ನನಗೆ ಆ ತಾಡಪತ್ರಿಯ ಮೇಲೇ ಸಂಶಯ ಬಂತು. ಮುಚ್ಚಿದ ಗಾಡಿಯಲ್ಲಿ ಏನು ನಡೆದರೂ ಯಾರಿಗೆ ಗೊತ್ತು? ಒಂದು ದಿನ ಅಬ್ಬಾ ಇಲ್ಲದ ಹೊತ್ತು ನೋಡಿ ಭರಮನಿಗೆ ಹೇಳಿದೆ:

"ನಾಳಿಂದ ತಾಡಪತ್ರಿ ತೆಗಿ. ಹೊಟ್ಟೂ ಬ್ಯಾಡ, ತಟ್ಟೂ ಬ್ಯಾಡ. ದಾರ್ಯಾಗ ಎಲ್ಲಾರಿಗೂ ಕಾಣೂ ಹಂಗ ತಾ."

ಅವನು ನನ್ನತ್ತ ತಿರುಗಿದ. "ಬರ್ಫಕ್ಕ ಬಿಸಲ ಬಡಿತೈತಿ" ಎಂದ.

"ಬಿಸಲಿಗಿಂತ ಕೈ ಹೆಚ್ಚ ತಿಂತಾವು" ಎಂದೆ ನಾನು.

ಅವನಿಗೆ ಅರ್ಥವಾಯಿತು. ಮುಖ ಕೆಂಪಾಯಿತು. ಆದರೆ ಮರುದಿನದಿಂದ ಹೇಳಿದಂತೆಯೇ ತಂದ. ಬಿಳಿ ಲಾದಿಗಳು ಬರಿಮೈಯಲ್ಲಿ, ಬಿಸಿಲಲ್ಲಿ ಮಿಂಚುತ್ತಾ, ಖಾನಾಪುರದ ರಸ್ತೆಯುದ್ದಕ್ಕೂ ಮೆರವಣಿಗೆ ಬಂದ ಹಾಗೆ ಬಂದವು. ದಾರಿಯಲ್ಲಿನ ಊರುಗಳ ಮಂದಿ ನಿಂತು ನೋಡುತ್ತಿದ್ದರಂತೆ. ನಾನು ಇಡೀ ದಾರಿಯನ್ನೇ ಕಾವಲಿಗೆ ಹಚ್ಚಿದೆನೆಂದು ಒಳಗೊಳಗೇ ಬೀಗಿದೆ. ಮತ್ತು ಬರ್ಫ — ಇನ್ನೂ ಕಡಿಮೆಯಾಯಿತು. ಬೆರಳು ಹೋಗಿ ಗೇಣಿನ ಲೆಕ್ಕಕ್ಕೆ ಬಂತು. ಬುದ್ಧಿಯಿರುವವನು ಅಲ್ಲಿ ಒಂದು ಸಲ ನಿಂತು ಯೋಚಿಸುತ್ತಿದ್ದ. ಸಂಶಯದವನಿಗೆ ಬುದ್ಧಿ ಕೆಲಸ ಮಾಡುವುದು ಒಂದೇ ದಿಕ್ಕಿಗೆ. ನೋಡು, ನನಗೆ ಸವಾಲು ಹಾಕುತ್ತಿದ್ದಾನೆ, ತೆರೆದ ಗಾಡಿಯಲ್ಲೂ ಕದ್ದು ತೋರಿಸುತ್ತಿದ್ದಾನೆ ಎಂದುಕೊಂಡೆ.

ಲಾದಿಗಳ ಮೈಮೇಲೆ ಇನ್ನೊಂದು ಗುರುತು ಕಾಣಿಸಿಕೊಂಡಿತ್ತು. ಸಿಡುಬು ಬಂದ ಮುಖದ ಹಾಗೆ ಮೇಲೆಲ್ಲ ಸಣ್ಣ ಸಣ್ಣ ಕುಳಿ. ಟೋಚಾದಿಂದ ಒಡೆಯಲು ಹೊರಟರೆ ಮೊದಲು ಬೀಳುವುದು ಅಂಥದೇ ಕುಳಿ. ನನಗೆ ಸಾಕ್ಷಿ ಸಿಕ್ಕಿತು. ಆ ಕುಳಿಯೊಳಗೆ ಏನಿದೆ ಎಂದು ಬಗ್ಗಿ ನೋಡಲಿಲ್ಲ. ನೋಡಿದ್ದರೆ —

ಇಲ್ಲ, ನೋಡಲಿಲ್ಲ.

ಒಂದು ದಿನ ಬಸ್ಸು ಹತ್ತಿ ಹೋಗಿ, ಬೆಳಗಾವಿ ದಾರಿಯ ರೈಲ್ವೆ ಗೇಟಿನ ಪಕ್ಕದ ಚಹಾದ ಗುಡಿಸಲಲ್ಲಿ ಕಂಬದ ಮರೆಗೆ ಕೂತೆ. ಗೇಟು ಹಾಕಿತ್ತು. ಭರಮನ ಟೆಂಪೋ ಬಂದು ನಿಂತಿತು. ಗೂಡ್ಸ್ ಗಾಡಿ ಬರಲೊಲ್ಲದು. ಅವನು ಕೆಳಗಿಳಿದು, ಲಾದಿಗಳ ಮೇಲೆ ಬಿಸಿಲು ಬೀಳುವುದನ್ನು ನೋಡುತ್ತಾ, ತನ್ನ ಮೈಯ ನೆರಳನ್ನಾದರೂ ಕೊಡೋಣವೆಂಬಂತೆ ಸರಿದು ಸರಿದು ನಿಂತ. ಆಗ ಕಂಕುಳಲ್ಲಿ ಕೂಸಿದ್ದ ಒಬ್ಬ ಹೆಂಗಸು ಹತ್ತಿರ ಬಂದು ಏನೋ ಕೇಳಿದಳು. ಅವನು ಲಾದಿಯ ಅಂಚಿನಿಂದ ಲಿಂಬೆಹಣ್ಣಿನಷ್ಟು ತುಣುಕು ಮುರಿದು ಅವಳ ಸೆರಗಿಗೆ ಹಾಕಿದ. ಅವಳು ಅದನ್ನು ಕೂಸಿನ ಹಣೆಗೆ ಒತ್ತಿದಳು. ನಾನು ಕಂಡದ್ದು ಇಷ್ಟು. ನನಗೆ ಇಷ್ಟು ಸಾಕಾಯಿತು.

ಖಾನಾಪುರದ ಸಂತೆಯ ದಿನ ಟೆಂಪೋ ಬಂದಾಗ ಅಬ್ಬಾ ನಮಾಜಿಗೆ ಹೋಗಿದ್ದರು. ಡಿಪೋದ ಮುಂದೆ ಗಿರಾಕಿಗಳು ಮುಗಿಬಿದ್ದಿದ್ದರು. ನಾನು ಲಾದಿಯನ್ನು ಬಾಗಿಲ ಕಲ್ಲಿನ ಮೇಲೆ ಮಲಗಿಸಿದೆ. ಗೀರಿಗೂ ಲಾದಿಗೂ ನಡುವೆ ಒಂದು ಗೇಣು ಬರಿ ಕಲ್ಲು. ಭರಮನ ತೋಳು ಹಿಡಿದು ಎಳೆದು ಅಲ್ಲಿ ನಿಲ್ಲಿಸಿದೆ. ಪೇಟೆಗೆಲ್ಲ ಕೇಳುವಂತೆ ಹೇಳಿದೆ:

"ನೋಡ್ರಿ ಎಲ್ಲಾರೂ. ಗೀರು ಎಲ್ಲೈತಿ, ಲಾದಿ ಎಲ್ಲೈತಿ? ಈ ನಡುವಿನ ಬರ್ಫಾ ಎಲ್ಲಿ ಹೋತು, ಇವನ್ನ ಕೇಳ್ರಿ."

ಭರಮ ಕೂಗಾಡಲಿಲ್ಲ, ಆಣೆ ಹಾಕಲಿಲ್ಲ. ತಗ್ಗಿದ ದನಿಯಲ್ಲಿ, "ಗೇಟಿನ್ಯಾಗ ಒಂದ ತುಣಕ ಕೊಟ್ಟೇನ್ರಿ, ಜ್ವರಾ ಬಂದ ಕೂಸಿಗೆ. ಅದೊಂದ" ಎಂದ.

ಆ ಪ್ರಾಮಾಣಿಕತನವನ್ನೇ ನಾನು ಹಿಡಿದುಕೊಂಡೆ. "ಒಂದ ಒಪ್ಪಿಕೊಂಡಾನ. ಉಳದದ್ದು ನೀವ ತಿಳ್ಕೋರ್ರಿ" ಎಂದೆ.

ಹಿಂದಿನಿಂದ ಯಾರೋ ಬರ್ಫಚೋರ ಎಂದರು. ಎಲ್ಲರೂ ನಕ್ಕರು. ಆ ನಗೆಯಲ್ಲಿ ನನ್ನದೂ ಇತ್ತು. ಭರಮ ಟೆಂಪೋದ ಕೀಲಿಯನ್ನು ಬಾಗಿಲ ಕಲ್ಲಿನ ಮೇಲೆ, ಆ ಖಾಲಿ ಗೇಣಿನಲ್ಲಿ ಇಟ್ಟ. ನನ್ನತ್ತ ನೋಡದೆ ಮಂದಿಯ ನಡುವೆ ದಾರಿ ಮಾಡಿಕೊಂಡು ಹೋದ. ಅಬ್ಬಾ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ನಾನು ಹೇಳಿದ್ದನ್ನು ಅವರು ಪೂರ್ತಿ ಕೇಳಿ, ಟೋಪಿ ತೆಗೆದು ಗೂಟಕ್ಕೆ ಹಾಕಿ, ಒಳಗೆ ಹೋಗಿ ಮಲಗಿಬಿಟ್ಟರು.

ಹೊಸ ಡ್ರೈವರ್ ಬಂದ. ಅವನನ್ನು ನಂಬುವುದೆಂತು? ಮೊದಲ ದಿನವೇ ನಾನೂ ಅವನೊಂದಿಗೆ ಉದ್ಯಮಬಾಗಕ್ಕೆ ಹೋದೆ. ಅಂದು ಫೌಂಡ್ರಿಯ ಭಟ್ಟಿ ಹೊತ್ತಿತ್ತು. ಬರ್ಫದ ಕಾರ್ಖಾನೆಯವರು ಲಾದಿಗಳನ್ನು ಹೊರಗಿನ ಕಟ್ಟೆಯ ಮೇಲೆ ಜಾರಿಸಿ ಬಿಟ್ಟಿದ್ದರು. ನಮ್ಮ ಸರದಿ ಬರುವವರೆಗೆ ಅವು ಅಲ್ಲೇ ಬಿದ್ದಿರುತ್ತಿದ್ದವು. ಟೆಂಪೋಗೆ ಏರಿಸಿದ ಮೇಲೆ ನಾನು ಮುಂದೆ ಕೂಡಲಿಲ್ಲ. ಹಿಂದೆ ಹತ್ತಿ, ಲಾದಿಗಳ ನಡುವೆಯೇ, ಕಾಲಿಗೆ ತಣ್ಣಗಾಗುತ್ತದೆಂದು ಒಂದು ಗೋಣಿತಟ್ಟನ್ನು ಮಡಿಸಿ ಬರ್ಫದ ಮೇಲೆ ಹಾಕಿ ಅದರ ಮೇಲೆ ಕಾಲಿಟ್ಟುಕೊಂಡು ಕೂತೆ. ಕಣ್ಣು ಅತ್ತಿತ್ತ ಸರಿಸಲಿಲ್ಲ. ಗೇಟು ಹಾಕಿದಾಗಲೂ ಕೆಳಗಿಳಿಯಲಿಲ್ಲ.

ಖಾನಾಪುರಕ್ಕೆ ಬಂದು ಲಾದಿಯನ್ನು ಕಲ್ಲಿನ ಮೇಲೆ ಮಲಗಿಸಿದೆ. ಒಂದು ಗೇಣು ಕಡಿಮೆ.

ಕಾವಲುಗಾರ ನಾನೇ. ಕಳ್ಳ ಯಾರು?

ಆಗ — ಆಗ ಮಾತ್ರ — ಬಗ್ಗಿ ನೋಡಿದೆ. ಮೈಯೆಲ್ಲ ಅದೇ ಸಿಡುಬಿನ ಕುಳಿ. ಒಂದೊಂದು ಕುಳಿಯ ತಳದಲ್ಲೂ ಒಂದೊಂದು ಕರಿ ಕಣ. ಸಾಸಿವೆಗಿಂತ ಸಣ್ಣದು; ಬೆರಳಿಗೆ ಹತ್ತಿಸಿಕೊಂಡು ಉಜ್ಜಿದರೆ ಮಸಿ. ನನ್ನ ಬಿಳಿ ಅಂಗಿಯ ಹೆಗಲ ಮೇಲೂ ಅದೇ ಮಸಿ. ಫೌಂಡ್ರಿಯ ಕೊಳವೆಯಿಂದ ಎದ್ದು, ಗಾಳಿಯಲ್ಲಿ ತೇಲಿ ಬಂದು, ಕಟ್ಟೆಯ ಮೇಲಿನ ಬರ್ಫದ ಮೇಲೆ ಕೂತದ್ದು. ಬಿಳಿ ಬರ್ಫ ಬಿಸಿಲನ್ನು ವಾಪಸು ಎಸೆಯುತ್ತದೆ, ಕರಿ ಕಣ ಅದನ್ನು ಕುಡಿದು ಕಾಯುತ್ತದೆ, ಕಾದು ತನ್ನ ಕೆಳಗಿನ ಬರ್ಫವನ್ನು ತಿನ್ನುತ್ತಾ ಇಳಿಯುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ನಾನು ಕಾಲಿಟ್ಟುಕೊಂಡಿದ್ದ ಗೋಣಿತಟ್ಟನ್ನು ಎತ್ತಿದೆ. ಅದರ ಕೆಳಗಿನ ಬರ್ಫ ಕುಳಿ ಬೀಳದೆ, ನುಣ್ಣಗೆ, ಸುತ್ತಲಿನದಕ್ಕಿಂತ ಒಂದು ಮೆಟ್ಟಿಲಿನಷ್ಟು ಎತ್ತರ ಉಳಿದಿತ್ತು. ಭರಮ ದಿನಾ ಹೊದಿಸಿ ತರುತ್ತಿದ್ದ ತಟ್ಟು ಅದು. ತಾಡಪತ್ರಿ ತೆಗೆಸಿದವನು ನಾನು. ಬೆರಳಿನ ನಷ್ಟವನ್ನು ಗೇಣು ಮಾಡಿದವನು ನಾನು. ಆ ಗೇಣಿಗೆ ಅವನನ್ನು ಕಳ್ಳನನ್ನಾಗಿ ಮಾಡಿದವನೂ ನಾನೇ.

ಆದರೂ ನನಗೆ ನಂಬಿಕೆ ಸಾಲದು ನೋಡಿ — ಸಂಶಯ ಒಳ್ಳೆಯದರ ಮೇಲೂ ಬರುತ್ತದೆ. ಹಿತ್ತಲಲ್ಲಿ ಒಂದೇ ಅಳತೆಯ ಎರಡು ತುಂಡು ಇಟ್ಟೆ. ಒಂದಕ್ಕೆ ಕಂದೀಲಿನ ಗಾಜಿನ ಮಸಿಯನ್ನು ಉದುರಿಸಿದೆ. ಮಧ್ಯಾಹ್ನದ ಬಿಸಿಲಲ್ಲಿ ಮುಂದೆಯೇ ಕೂತು ನೋಡಿದೆ. ಮಸಿ ಹತ್ತಿದ್ದು ಕರಗಿ ನೀರಾದಾಗ ಇನ್ನೊಂದು ಮುಷ್ಟಿಯಷ್ಟು ಉಳಿದಿತ್ತು. ಕರಿ ನೀರು ಕಲ್ಲಿನ ಮೇಲೆ ಹರಿಯಿತು. ಒಳಗಿನಿಂದ ಹೆಂಡತಿ ಬರುವ ಸಪ್ಪಳವಾಯಿತು. ಕಾಲಿನಿಂದ ಆ ನೀರನ್ನು ಒರೆಸಿಬಿಟ್ಟೆ. ಮಾಡಿದ ತಪ್ಪಿಗಿಂತ ನನ್ನನ್ನು ಇವತ್ತಿಗೂ ಹೆಚ್ಚು ಸುಡುವುದು ಹಾಗೆ ಕಾಲಿನಿಂದ ಒರೆಸಿದ್ದು. ಅಲ್ಲಿಯವರೆಗೆ ನಾನು ತಿಳಿಯದವನು. ಅಲ್ಲಿಂದ ಮುಂದೆ ತಿಳಿದವನು.

ಮರುದಿನ ಬಸ್ ಸ್ಟ್ಯಾಂಡಿನವರೆಗೆ ಹೋದೆ, ನಂದಗಡದ ಬಸ್ಸಿಗೆ. ಬಸ್ಸು ಬಂತು. ಹತ್ತಲಿಲ್ಲ. ಏನು ಹೇಳುವುದು, ಯಾವ ಬಾಯಿಯಿಂದ ಹೇಳುವುದು, ಪೇಟೆಯಲ್ಲಿ ನನ್ನ ಮುಖಕ್ಕೆ ಏನಾಗುವುದು — ಇದನ್ನೇ ತಿರುಗಿಸಿ ತಿರುಗಿಸಿ ಯೋಚಿಸಿದೆ. ಅವನ ಮುಖದ ಯೋಚನೆ ಬರಲಿಲ್ಲ. ಮನೆಗೆ ಬಂದು ಹೊಸ ಡ್ರೈವರಿಗೆ ಎರಡೇ ಮಾತು ಹೇಳಿದೆ. ಲಾದಿಗಳನ್ನು ಕಟ್ಟೆಯ ಮೇಲೆ ಬಿಡಬೇಡ, ನೆರಳಲ್ಲಿ ನೀರು ಸುರುವಿ ತೊಳೆದು ಏರಿಸು. ಮೊದಲಿನ ಹಾಗೆ ಹೊಟ್ಟು, ತಟ್ಟು, ತಾಡಪತ್ರಿ ಹಾಕು.

ಆ ವಾರದಿಂದ ಲಾದಿ ಗೀರು ಮುಟ್ಟತೊಡಗಿತು.

ಅಬ್ಬಾ ಅದನ್ನು ನೋಡಿದರು. ಅಂಗಡಿಯ ತುಂಬ ಮಂದಿಯಿದ್ದರು. "ಈಗ ಪೂರಾ ಬರಾಕತ್ತೈತಲ್ಲ, ಏನ ಮಾಡಿದಿ?" ಎಂದು ಕೇಳಿದರು. ಮುಖದಲ್ಲಿ ಏನೋ ಒಂದು ಆಸೆ ಇತ್ತು. ನಾನು ಬೇರೆ ಏನಾದರೂ ಹೇಳಿಯೇನು ಎಂದು ಕಾಯುತ್ತಿದ್ದರು ಅನಿಸುತ್ತದೆ.

"ಏನಿಲ್ಲ. ಡ್ರೈವರ್ ಬದಲಾದ, ಅಷ್ಟ" ಎಂದೆ.

ಮಂದಿ ತಲೆಯಾಡಿಸಿದರು. ಸಂತೆಯಲ್ಲಿ ನನ್ನ ಮಾತನ್ನು ಪೂರ್ತಿ ನಂಬದಿದ್ದವರೂ ಅಂದು ನಂಬಿದರು. ಕಳ್ಳ ಹೋದ, ಬರ್ಫ ಪೂರ್ತಿಯಾಯಿತು — ಇದಕ್ಕಿಂತ ಪುರಾವೆ ಬೇಕೆ? ನಾನು ತಪ್ಪು ತಿದ್ದಿಕೊಂಡದ್ದೇ ಅವನ ಮೇಲಿನ ಕೊನೆಯ ಸಾಕ್ಷಿಯಾಯಿತು. ಅಬ್ಬಾ ಅವನ ಹೆಸರನ್ನು ಮತ್ತೆ ಎತ್ತಲಿಲ್ಲ. ಮುಂದಿನ ಬಕ್ರೀದಿಗೆ ಟಗರನ್ನು ಬೇರೆ ಕಡೆಯಿಂದ ತಂದರು. ಆ ಮೇಲೆ ಕೆಲವೇ ವರ್ಷ ಬದುಕಿದರು. ಬೇಟಾ ಎಂದು ಕರೆದವನು ಕಳ್ಳನೆಂದು ನಂಬಿಕೊಂಡೇ ಹೋದರು.

ಖಾನಾಪುರದಲ್ಲಿ ಭರಮನ ಕೈಗೆ ಯಾರೂ ಗಾಡಿ ಕೊಡಲಿಲ್ಲ. ಹಾಲಿನ ಗಾಡಿಯವರು ಒಮ್ಮೆ ನನ್ನ ಹತ್ತಿರ ಬಂದು, ಅವನನ್ನು ಇಟ್ಟುಕೊಳ್ಳಬಹುದೇ ಎಂದು ಕೇಳಿದರು. ನಾನು ಇಲ್ಲವೆನ್ನಲಿಲ್ಲ. ನಿಮ್ಮಿಷ್ಟ ಎಂದು ಹೇಳಿ ಟೋಚಾ ಎತ್ತಿ ಬರ್ಫ ಒಡೆಯಲು ಶುರುಮಾಡಿದೆ. ಅವರಿಗೆ ಅದೇ ಉತ್ತರವಾಯಿತು. ಅವನು ಹೆಂಡತಿ, ಕೂಸನ್ನು ಕಟ್ಟಿಕೊಂಡು ಬೆಳಗಾವಿಗೆ ಹೋದನೆಂದೂ, ವಡಗಾವಿಯಲ್ಲಿ ಮಗ್ಗದವರ ಓಣಿಯಲ್ಲಿ ಒಂದು ಕೋಣೆ ಹಿಡಿದನೆಂದೂ, ಉದ್ಯಮಬಾಗದಲ್ಲಿ ಕೆಲಸಕ್ಕೆ ನಿಂತನೆಂದೂ ಕೇಳಿದೆ. ಒಂದು ಸಂಜೆ ಉದ್ಯಮಬಾಗದ ಬಸ್ ಸ್ಟಾಪಿನಲ್ಲಿ ನೋಡಿದೆ. ಮೈ, ಮುಖ, ತಲೆಗೂದಲು ಎಲ್ಲ ಮಸಿ. ಅದೇ ಫೌಂಡ್ರಿ. ಖಾಕಿ ಅಂಗಿಯ ಬಣ್ಣವೇ ತಿಳಿಯುತ್ತಿರಲಿಲ್ಲ. ಅವನು ನನ್ನನ್ನು ನೋಡಿದ. ನಾನು ಬಸ್ಸಿನ ಬೋರ್ಡು ಓದತೊಡಗಿದೆ.

ಅಲ್ಲಿಂದ ನನ್ನ ಸಂಶಯ ತಿರುಗಿ ನನ್ನ ಮೇಲೇ ಬಂತು. ಯಾರಿಗೆ ಗೊತ್ತಿದೆ? ಲಾದಿ ತೊಳೆಯುವ ಕಾರ್ಖಾನೆಯ ಆಳಿಗೆ? ಹೊಸ ಡ್ರೈವರ್ ಒಮ್ಮೆ, ತೊಳೆಯುವುದು ಯಾಕೆ ಎಂದು ಸುಮ್ಮನೆ ಕೇಳಿದ. ವರ್ಷ ತುಂಬುವುದರೊಳಗೆ ಅವನನ್ನೂ ತೆಗೆದೆ. ಹೆಂಡತಿ ಹಿತ್ತಲಿನ ಕಲ್ಲು ತಿಕ್ಕುತ್ತಾ ಈ ಕಲೆ ಹೋಗುವುದೇ ಇಲ್ಲ ಎಂದರೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಪೇಟೆಯಲ್ಲಿ ಇಬ್ಬರು ಪಿಸುಗುಟ್ಟಿದರೆ ನನ್ನದೇ ಮಾತು ಎಂದುಕೊಳ್ಳುತ್ತಿದ್ದೆ. ಭರಮನಿಗೆ ಬಿದ್ದ ಕಳ್ಳನೆಂಬ ಹೆಸರು ಊರಿಗೆಲ್ಲ ಕೇಳುತ್ತಿತ್ತು. ನನ್ನದು ನನಗೊಬ್ಬನಿಗೇ ಕೇಳುತ್ತಿತ್ತು.

ಎಂಬತ್ತರ ದಶಕ ಬಂತು. ನಮ್ಮ ಓಣಿಯ ಪುಂಡಲೀಕ ಸೈನ್ಯದಲ್ಲಿದ್ದ, ಹಿಮಾಲಯದ ಕಡೆ. ರಜೆಗೆ ಬಂದಾಗ ಚಹಾದಂಗಡಿಯಲ್ಲಿ ಅವನ ಸುತ್ತ ಮಂದಿ ಕೂಡುತ್ತಿದ್ದರು. ಅಂದು ಬರ್ಫದ ಮಾತು ಬಂತು. ಬೇಸಿಗೆಯಲ್ಲಿ ಕೆಳಗಿನ ಬಯಲಿಂದ ಧೂಳು ಎದ್ದು ಬಂದು ಬಿಳಿ ಗುಡ್ಡಗಳ ಮೇಲೆ ಕೂರುತ್ತದೆ, ಅಂಥ ವರ್ಷ ಹಳ್ಳಗಳು ಬೇಗ ತುಂಬಿ ಹರಿಯುತ್ತವೆ ಎಂದು ಹೇಳಿದ. ತಮ್ಮ ಅಡುಗೆ ಒಲೆಯ ಹೊಗೆ ಬೀಳುವ ಕಡೆಯ ಬರ್ಫವೂ ಮೊದಲು ಹೋಗುತ್ತದಂತೆ.

"ಖರೇ ಹೇಳ್ತೇನಿ, ದಾರಿ ಬಿಡಸೂದಿತ್ತಂದ್ರ ನಾವ ಬರ್ಫದ ಮ್ಯಾಲ ಬೂದಿ ಉಗ್ಗತೇವಿ. ಬಿಸಲ ಬಿತ್ತಂದ್ರ ಅಲ್ಲೆ ಮೊದಲ ಕರಗತೈತಿ" ಎಂದ.

ಎಲ್ಲರೂ ಬೆರಗಾದರು. ಮೂಲೆಯಲ್ಲಿದ್ದ ದರ್ಜಿ ನನ್ನತ್ತ ತಿರುಗಿ, ಹಾಗಾದರೆ ಆ ವರ್ಷ ನಿಮ್ಮ ಬರ್ಫವೂ ಹಾಗೇ ಏನಾದರೂ ಆಗಿತ್ತೋ ಏನೋ ಎಂದ. ತಮಾಷೆಗೆ ಕೇಳಿದನೋ, ತಿಳಿದು ಕೇಳಿದನೋ — ಇವತ್ತಿಗೂ ಗೊತ್ತಿಲ್ಲ. ಪುಂಡಲೀಕನೇ ಬೇಕೆಂದು ಆ ಮಾತು ತೆಗೆದನೇನೋ ಎಂದೂ ಅನಿಸಿತು. ಎಲ್ಲರ ಕಣ್ಣು ನನ್ನ ಮೇಲೆ. ಬಾಗಿಲು ತಾನಾಗಿ ತೆರೆದಿತ್ತು. ಹೌದು ಎನ್ನುವ ಒಂದು ಮಾತು ಸಾಕಿತ್ತು.

"ಅದು ಹಿಮಾಲಯದ ಬರ್ಫ" ಎಂದೆ. "ನಮ್ಮ ಬರ್ಫ ತಿಂದ ಧೂಳಿಗೆ ಎರಡ ಕೈ ಇದ್ವು, ಖಾಕಿ ಅಂಗಿ ಇತ್ತು."

ಚಹಾದಂಗಡಿ ನಕ್ಕಿತು. ಮೊದಲ ಸಲ ನಾನು ನಂಬಿ ಕಳ್ಳನೆಂದಿದ್ದೆ. ಈ ಸಲ ಸುಳ್ಳೆಂದು ಗೊತ್ತಿದ್ದೇ ಅಂದೆ.

ಇದನ್ನು ಬರೆಯುತ್ತಿರುವ ಈ ಬೇಸಿಗೆಯಲ್ಲಿ ಭರಮ ನನ್ನ ಡಿಪೋಗೆ ಬಂದ. ಮಗಳ ಮದುವೆ ನಂದಗಡದಲ್ಲಿ, ಗಂಡಿನ ಕಡೆಯವರು ಖಾನಾಪುರದವರು. ಬೀಗರಿಗೆ ಶರಬತ್ತಿಗೆ ಬರ್ಫ ಬೇಕಿತ್ತು. ಉದ್ಯಮಬಾಗದಲ್ಲಿ ಅವನ ಫೌಂಡ್ರಿಯ ಗೋಡೆಯಾಚೆಗೇ ಬರ್ಫ ಸಿಗುತ್ತದೆ. ಅದನ್ನು ಬಿಟ್ಟು, ಪೇಟೆ ತುಂಬಿದ ಹೊತ್ತಿನಲ್ಲಿ, ತೆರೆದ ಚಕ್ಕಡಿಯಲ್ಲಿ, ನನ್ನ ಬಾಗಿಲಿಗೇ ಬಂದಿದ್ದ. ಕೂದಲು ಬೆಳ್ಳಗಾಗಿತ್ತು. ಮಾತಿನ ನಡುವೆ ಕೆಮ್ಮು ಬರುತ್ತಿತ್ತು. ಒಂದು ಪೂರ್ತಿ ಲಾದಿ ಕೊಡ್ರಿ ಎಂದ, ಪೇಟೆಯವರೆಲ್ಲ ನೋಡುತ್ತಿರುವಾಗ.

ನಾನು ಇದ್ದುದರಲ್ಲೇ ಒಳ್ಳೆಯ ಲಾದಿ ತೆಗೆದೆ. ಅವನು ಅದನ್ನು ಬಾಗಿಲ ಕಲ್ಲಿನ ಮೇಲೆ ತಾನೇ ಮಲಗಿಸಿದ. ತುದಿ ಗೀರು ಮುಟ್ಟಿತು. ಆಮೇಲೆ ಅವನು ಹೆಗಲ ಮೇಲಿನ ವಲ್ಲಿ ತೆಗೆದು ಲಾದಿಯ ಮೈಯನ್ನು ಒರೆಸಿದ — ನಿಧಾನವಾಗಿ, ಮೂಲೆ ಮೂಲೆಯನ್ನೂ, ಕೂಸಿನ ಮುಖ ಒರೆಸಿದ ಹಾಗೆ. ಆ ಲಾದಿಯ ಮೇಲೆ ಒರೆಸುವಂಥದೇನೂ ಕಾಣುತ್ತಿರಲಿಲ್ಲ. ಅವನಿಗೆ ಮಸಿಯ ಸಂಗತಿ ಗೊತ್ತಿದೆ ಎಂದು ನನಗೆ ಆಗ ತಿಳಿಯಿತು.

ನಾನು ಅವಸರದಲ್ಲಿ ಹೊಟ್ಟು, ತಟ್ಟು ತಂದೆ. ಅವನು ಕೈ ಅಡ್ಡ ಹಿಡಿದ.

"ಮುಚ್ಚಬ್ಯಾಡ್ರಿ" ಎಂದ.

"ನಂದಗಡ ಮುಟ್ಟೂದ್ರಾಗ ಅರ್ಧಾ ಕರಗತೈತಿ, ಭರಮಾ" ಎಂದೆ ನಾನು.

"ಕರಗಲಿ ಬಿಡ್ರಿ. ಮುಚ್ಚಿಕೊಂಡ ಹೋದ್ರ ಮಂದಿ ಮತ್ತ ಸಂಶೇ ಪಡ್ತಾರು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ನನ್ನನ್ನು ಚುಚ್ಚಬೇಕೆಂದು ಅಂದ ಮಾತೂ ಅಲ್ಲ. ಅವನು ಹಾಗೆಯೇ ಬದುಕುವುದನ್ನು ರೂಢಿ ಮಾಡಿಕೊಂಡಿದ್ದ. ಚಕ್ಕಡಿ ಪೇಟೆಯ ನಡುವೆ ಹೊರಟಿತು. ಬಿಳಿ ಲಾದಿ ಬಿಸಿಲಲ್ಲಿ ಹೊಳೆಯುತ್ತಾ, ಹಿಂದೆ ರಸ್ತೆಯ ಮೇಲೆ ನೀರಿನ ಗೆರೆ ಬಿಡುತ್ತಾ ಹೋಯಿತು. ತಿರುವಿನಲ್ಲಿ ಅದು ಮರೆಯಾಗುವವರೆಗೆ ನಾನು ತಟ್ಟು ಹಿಡಿದುಕೊಂಡು ನಿಂತಿದ್ದೆ. ಆಗಲೂ ಕೂಗಿ ಹೇಳಲಿಲ್ಲ.

ಭರಮಾ, ನೀನು ಯಾವಾಗಿನಿಂದ ಬಲ್ಲೆ? ಆ ಫೌಂಡ್ರಿಯಲ್ಲಿ ಭಟ್ಟಿಯ ಮುಂದೆ ನಿಂತು, ಆಚೆ ಗೋಡೆಯ ಕಟ್ಟೆಯ ಮೇಲೆ ಲಾದಿಗಳು ಮಸಿ ಹಿಡಿಯುವುದನ್ನು ದಿನಾ ನೋಡಿದವನು ನೀನು. ಬಲ್ಲೆಯಾದರೆ ಒಮ್ಮೆಯಾದರೂ ಬಂದು ನನ್ನ ಕೊರಳುಪಟ್ಟಿ ಹಿಡಿಯಲಿಲ್ಲವೇಕೆ? ಯಾರು ನಂಬುತ್ತಾರೆ ಎಂದೇ? ಅಥವಾ ನಾನೇ ಒಂದು ದಿನ ಬಂದೇನು ಎಂದು ಕಾದೆಯಾ? ಇದನ್ನು ಬರೆಯುವಾಗಲೂ ನೋಡು, ನಿನ್ನ ಸುಮ್ಮನಿರುವಿಕೆಯ ಹಿಂದೆ ಏನಿದೆ ಎಂದು ಹುಡುಕುತ್ತಿದ್ದೇನೆ. ನನ್ನ ಜಾತಕವೇ ಇದು. ನೀನು ಕ್ಷಮಿಸಬೇಕೆಂದು ಕೇಳುವುದಿಲ್ಲ. ನನ್ನ ಈ ಮಾತನ್ನೂ ನೀನು ಸಂಶಯದಿಂದ ನೋಡಿದರೆ ನನಗೆ ಬೇಸರವಿಲ್ಲ, ಅದು ನಿನಗೆ ಸೇರಿದ್ದು.

ಮೊದಲು ವಡಗಾವಿಗೆ ಬರುತ್ತೇನೆ. ನಿನ್ನ ಬಾಗಿಲಲ್ಲಿ ನಿಂತು ಇದಿಷ್ಟನ್ನೂ ಹೇಳುತ್ತೇನೆ. ಒಳಗೆ ಕರೆಯದಿದ್ದರೂ ಹೇಳುತ್ತೇನೆ. ಅದರ ಮುಂದಿನ ಸಂತೆಗೆ, ಗಿರಾಕಿಗಳು ಮುಗಿಬಿದ್ದ ಹೊತ್ತಿನಲ್ಲಿ, ಅದೇ ಬಾಗಿಲ ಕಲ್ಲಿನ ಮುಂದೆ ಎರಡು ಲಾದಿಗಳನ್ನು ಬಿಸಿಲಿಗಿಡುತ್ತೇನೆ. ಒಂದನ್ನು ಒರೆಸಿ, ಒಂದಕ್ಕೆ ಉದ್ಯಮಬಾಗದ ಕಟ್ಟೆಯಿಂದ ತಂದ ಮಸಿ ಉದುರಿಸಿ. ಮೇಲೆ ಏನನ್ನೂ ಹೊದಿಸುವುದಿಲ್ಲ. ಕರಗುವವರೆಗೆ ಅಲ್ಲೇ ನಿಂತಿರುತ್ತೇನೆ. ಯಾಕೆ ಎಂದು ಯಾರಾದರೂ ಕೇಳಿದರೆ, ನಿನ್ನ ತೋಳು ಹಿಡಿದೆಳೆದ ದಿನ ಎಷ್ಟು ಜೋರಾಗಿ ಕೂಗಿದ್ದೆನೋ ಅಷ್ಟೇ ಜೋರಾಗಿ ಹೇಳುತ್ತೇನೆ. ಯಾರೂ ಕೇಳದಿದ್ದರೂ ಹೇಳುತ್ತೇನೆ.